ವಚನಶೋಧನೆಯಲ್ಲಿ ಎಕ್ಸ್‌ಎಂಎಲ್ ಕಡತಗಳೂ ಸ್ಕ್ರಿಪ್ಟುಗಳೂ



ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಅರಸಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. ಕೂಡಿಸುವ ಕಾರ್ಯವು ಬಹುಮಟ್ಟಿಗೆ ನೆರವೇರಿತು. ಹುಡುಕುವ ಕಾರ್ಯವು ಉಳಿಯಿತು. ‘ಕಾಯಕ’ವೆಂಬ ಒಂದೇ ಶಬ್ದವನ್ನು ಯಾವ ಶರಣರು ಎಲ್ಲೆಲ್ಲಿ ಪ್ರಯೋಗಿಸಿರುವರೆಂಬುದನ್ನು ಹಾಳೆ ತಿರುವಿ ನೋಡುವುದು ವರ್ಷಗಳ ಕೆಲಸ.

ಈ ಕೆಲಸಕ್ಕೆ ಈಗ ಒದಗಿರುವ ಸಾಧನವು ಎಕ್ಸ್‌ಎಂಎಲ್. ಇದು 1998ರಲ್ಲಿ ಸ್ಥಿರಗೊಂಡ ಒಂದು ಬರವಣಿಗೆಯ ಕ್ರಮ. ಇದು ವಚನ, ಇದು ಕರ್ತೃವಿನ ಹೆಸರು, ಇದು ಅಂಕಿತ ಎಂದು ಗ್ರಂಥದ ಪ್ರತಿಯೊಂದು ಭಾಗಕ್ಕೂ ತೆರೆಯುವ ಗುರುತನ್ನೂ ಮುಚ್ಚುವ ಗುರುತನ್ನೂ ಇಟ್ಟು ಬರೆಯುವರು. ಗುರುತುಗಳ ಹೆಸರನ್ನು ಕನ್ನಡದ ಅಕ್ಷರಗಳಲ್ಲಿಯೇ ಇಡಲು ಆ ಕ್ರಮದಲ್ಲಿ ಅಡ್ಡಿಯಿಲ್ಲ, ಇದನ್ನರಿತವರು ಕಡಮೆ. ಒಬ್ಬೊಬ್ಬ ವಚನಕಾರರಿಗೆ ಒಂದೊಂದು ಕಡತವೆಂದರೆ ಅವು ಬಹಳವಾಗುವುವು. ಆಗ ಸ್ಕ್ರಿಪ್ಟು, ಎಂದರೆ ಗಣಕಯಂತ್ರಕ್ಕೆ ಬರೆದುಕೊಡುವ ಅಪ್ಪಣೆಗಳ ಸಾಲು, ನೆರವಾಗುವುದು. ಪೈಥಾನ್ ಮೊದಲಾದ ಭಾಷೆಗಳಲ್ಲಿ ಕೆಲವೇ ಪಂಕ್ತಿಗಳ ಸ್ಕ್ರಿಪ್ಟು ಸಾಕು. ಅದು ಕಡತಗಳನ್ನು ಒಂದೊಂದಾಗಿ ತೆರೆದು, ಎಕ್ಸ್‌ಪಾತ್ ಎಂಬ ಸೂತ್ರದಿಂದ ವಚನಗಳನ್ನು ಆಯ್ದು, ಶಬ್ದವು ಸಿಕ್ಕಲ್ಲೆಲ್ಲ ಕಡತ, ಕರ್ತೃ, ವಚನದ ಸಂಖ್ಯೆ, ಪಂಕ್ತಿ ಇವುಗಳನ್ನು ವರದಿಯಲ್ಲಿ ಬರೆಯುವುದು.

ಗುರುತುಗಳಿಲ್ಲದ ಬರಿಯ ಪಾಠದಲ್ಲಿಯೂ ಹುಡುಕಬಹುದಲ್ಲವೆ ಎಂದು ಕೇಳಬಹುದು. ಆಯ್ದಕ್ಕಿ ಮಾರಯ್ಯನವರ ಅಂಕಿತವು ಅಮರೇಶ್ವರಲಿಂಗ. ಅವರ ಪತ್ನಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಬರಿಯ ಅಕ್ಷರಗಳನ್ನು ನೋಡುವ ಶೋಧನೆಯು ಆ ತಾಯಿಯ ವಚನಗಳನ್ನೂ ಪತಿಯ ಲೆಕ್ಕಕ್ಕೆ ಸೇರಿಸಿಬಿಡುವುದು! ಕರ್ತೃವಿನ ಗುರುತನ್ನು ನೋಡುವ ಸ್ಕ್ರಿಪ್ಟಿನಿಂದ ಈ ಅನ್ಯಾಯವಾಗದು.

ಆದರೆ ‘ಸಿಕ್ಕಿತು’ ಎಂಬ ವರದಿಗಿಂತ ‘ಸಿಕ್ಕಲಿಲ್ಲ’ ಎಂಬ ವರದಿಯು ಹೆಚ್ಚು ಅಪಾಯಕರವಾದುದು. ಒಂದೇ ಒಂದು ಮುಚ್ಚುವ ಗುರುತು ತಪ್ಪಿದರೂ ಎಕ್ಸ್‌ಎಂಎಲ್ ಓದುವ ಯಂತ್ರವು ಆ ಕಡತವನ್ನು ನಿರಾಕರಿಸುವುದು. ಸ್ಕ್ರಿಪ್ಟನ್ನು ಬರೆದವರು ಅಂಥದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುವಂತೆ ಮಾಡಿದ್ದರೆ, ಒಂದೆರಡೇ ವಚನಗಳುಳಿದಿರುವ ಶರಣೆಯೊಬ್ಬರು ಶೋಧನೆಯಿಂದಲೇ ಮರೆಯಾಗುವರು. ಓದಿದವರು ಆಕೆ ಆ ಮಾತನ್ನು ಆಡಿಯೇ ಇಲ್ಲವೆಂದು ಪ್ರಬಂಧ ಬರೆಯುವರು. ವಿದ್ವಾಂಸರು ಗ್ರಂಥಗಳಿಗೆ ಬಳಸುವ ಟಿಇಐ ಎಂಬ ನಿಯಮದ ಕಡತಗಳಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಗುರುತಿನ ಹೆಸರುಗಳಿಗೆ ಒಂದು ಕುಲನಾಮವಿರುವುದು. ಸೂತ್ರದಲ್ಲಿ ಅದನ್ನು ಹೇಳದಿದ್ದರೆ ದೋಷದ ಸೂಚನೆಯೂ ಇಲ್ಲದೆ ಉತ್ತರವು ಸೊನ್ನೆ.

ಇನ್ನು ಅಕ್ಷರಗಳ ಮಾತು. ಅಲ್ಲಮಪ್ರಭುಗಳ ಅಂಕಿತವು ಗುಹೇಶ್ವರವೆಂದೂ ಗೊಹೇಶ್ವರವೆಂದೂ ದೊರೆಯುವುದು. ಚೆನ್ನ ಚನ್ನಗಳೂ ಹಾಗೆಯೇ. ಲಕ್ಕಮ್ಮನವರ ಅಂಕಿತವೇ ಕೆಲವೆಡೆ ಅಮಲೇಶ್ವರಲಿಂಗವೆಂದಿರುವುದು. ಹೀಗಾಗಿ ಪಾಠಾಂತರಗಳ ಪಟ್ಟಿಯನ್ನು ಪಂಡಿತರು ಮೊದಲೇ ಸ್ಕ್ರಿಪ್ಟಿಗೆ ಒದಗಿಸಬೇಕು. ಯಂತ್ರಕ್ಕೆ ಆ ವಿವೇಕವಿಲ್ಲ. ‘ಕೋ’ ಎಂಬಲ್ಲಿಯ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಆದುದರಿಂದ ಹುಡುಕುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರತಕ್ಕದ್ದು.

ಮಠದ ಗ್ರಂಥಭಂಡಾರಗಳಲ್ಲಿ ಇಂಥ ಕಾರ್ಯವನ್ನು ಕೈಕೊಳ್ಳುವವರು ಪ್ರತಿ ವರದಿಯ ತಲೆಯಲ್ಲಿ ಇದ್ದ ಕಡತಗಳೆಷ್ಟು, ಓದಿದವೆಷ್ಟು, ಓದಲಾಗದೆ ಉಳಿದವು ಯಾವುವು, ಏತಕ್ಕೆ ಎಂಬುದನ್ನು ಬರೆಯಿಸಬೇಕು. ಶಬ್ದವಿರುವುದೆಂದು ಮೊದಲೇ ಗೊತ್ತಿರುವ ಒಂದು ವಚನವನ್ನು ಹುಡುಕಿಸಿ ಸ್ಕ್ರಿಪ್ಟನ್ನು ಪರೀಕ್ಷಿಸುವುದೂ ಅವಶ್ಯ. ಉಳಿದ ಕಡತಗಳನ್ನು ಪ್ರತಿಕಾರರು ತಿದ್ದಿಕೊಟ್ಟ ಬಳಿಕ ಸ್ಕ್ರಿಪ್ಟನ್ನು ಮತ್ತೆ ನಡೆಯಿಸತಕ್ಕದ್ದು.