ಕೊನೆಯ ಹುಣಸೆ ಬೀಜದಿಂದ ಶುರು

ಹದಿನೈದು ಹುಣಸೆ ಬೀಜ ತನ್ನಿ. ಆಡಲು ಇಬ್ಬರು ಬೇಕು. ಒಬ್ಬರು ನೀವು, ಇನ್ನೊಬ್ಬರು ಅಣ್ಣನೋ ಅಕ್ಕನೋ ಆಯಿಯೋ, ಯಾರಾದರೂ ಸರಿ. ಬೀಜಗಳನ್ನು ನೆಲದ ಮೇಲೆ ಸಾಲಾಗಿ ಇಡಿ. ಸರದಿ ಬಂದವರು ಒಂದು, ಎರಡು, ಮೂರು ಇಲ್ಲವೇ ನಾಲ್ಕು ಬೀಜ ತೆಗೆಯಬೇಕು. ಒಂದೂ ತೆಗೆಯದೆ ಸುಮ್ಮನಿರುವ ಹಾಗಿಲ್ಲ, ನಾಲ್ಕನ್ನು ಮೀರುವ ಹಾಗೂ ಇಲ್ಲ. ಕೊನೆಯ ಬೀಜ ಯಾರ ಪಾಲಿಗೆ ಬಂತೋ ಅವರು ಸೋತರು.

ಇದೇ ಆಟ ಕಂಪ್ಯೂಟರಿನಲ್ಲೂ ಇದೆ. ಜಿಕಾಂಪ್ರಿ ಎಂಬ ಆಟಗಳ ಕಟ್ಟೊಂದಿದೆ. ಫ್ರಾನ್ಸಿನ ಬ್ರೂನೋ ಕುದ್ವಾಂ ಅದನ್ನು 2000ದಲ್ಲಿ ಶುರುಮಾಡಿದರು. ಆಮೇಲೆ ಎಷ್ಟೋ ದೇಶದ ಜನ ಕೈಗೂಡಿಸಿ ಬೆಳೆಸಿದರು. ಎರಡು ವರ್ಷದ ಕೂಸಿನಿಂದ ಹತ್ತು ವರ್ಷದವರ ತನಕ ಆಡಬಹುದಾದ ನೂರಕ್ಕೂ ಹೆಚ್ಚು ಆಟಗಳು ಅದರಲ್ಲಿವೆ. ದುಡ್ಡು ಕೊಡಬೇಕಿಲ್ಲ, ನಡುನಡುವೆ ಜಾಹೀರಾತು ಬರುವುದಿಲ್ಲ. ಶಾಲೆಯ ಹಳೇ ಕಂಪ್ಯೂಟರಿನಲ್ಲೂ ಅಪ್ಪನ ಮೊಬೈಲಿನಲ್ಲೂ ನಡೆಯುತ್ತದೆ. ಅಲ್ಲಿ ಬೀಜದ ಬದಲು ಚೆಂಡು, ಆಯಿಯ ಬದಲು ಟಕ್ಸ್ ಎಂಬ ಪೆಂಗ್ವಿನ್. ಟಕ್ಸ್ ಮೊದಲು ಆಡಲಿ ಎನಿಸಿದರೆ ಅದರ ಮೇಲೆ ಒಮ್ಮೆ ಒತ್ತಿದರಾಯಿತು. ಈ ಸಣ್ಣ ಸವಲತ್ತಿನಲ್ಲೇ ಆಟದ ಅರ್ಧ ಗುಟ್ಟು ಅಡಗಿದೆ. ಹೇಗೆಂದು ಈಗ ನೋಡೋಣ.

ರಾಯಬಾಗದ ಕಡೆಯ ಒಂದು ಪಡಸಾಲೆಯಲ್ಲಿ ಮೊಮ್ಮಗಳು ಆಯಿಯ ಜೊತೆ ಆಡುತ್ತಿದ್ದಾಳೆ ಎನ್ನಿ.

“ಆಯಿ, ನೀ ಮೊದಲ ತಗೀತಿಯೇನ?”

“ನೀನ ತಗಿಯವಾ, ಸಣ್ಣಾಕಿ ನೀ.”

ಹುಡುಗಿ ನಾಲ್ಕು ಬೀಜ ತೆಗೆದಳು. ಉಳಿದದ್ದು ಹನ್ನೊಂದು. ಆಯಿ ಎರಡು ತೆಗೆದರು, ಹುಡುಗಿ ಮೂರು. ಈಗ ಆರು. ಆಯಿ ಹುಷಾರಾಗಿ ಒಂದೇ ಒಂದು ತೆಗೆದರು. ಹುಡುಗಿ ತಡಮಾಡದೆ ನಾಲ್ಕು ತೆಗೆದಳು.

“ಇದೊಂದ ಉಳೀತು ನೋಡ ಆಯಿ. ಇದು ನಿಂದು!”

“ಏನೋ ಮಸಲತ್ತ ಮಾಡೀದಿ ನೀ. ಇನ್ನೊಂದ ಸಲ ಹೂಡು.”

ಮಸಲತ್ತು ಇದ್ದದ್ದು ನಿಜ. ಹುಡುಗಿ ಆಟವನ್ನು ಮೊದಲಿನಿಂದ ಯೋಚಿಸಲಿಲ್ಲ, ಕೊನೆಯಿಂದ ಯೋಚಿಸಿದಳು. ನನ್ನ ಮುಂದೆ ಒಂದೇ ಬೀಜ ಉಳಿದರೆ ನಾನು ಸೋತೆ. ಎರಡು, ಮೂರು, ನಾಲ್ಕು ಅಥವಾ ಐದು ಉಳಿದರೆ? ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಎತ್ತಿಕೊಳ್ಳುತ್ತೇನೆ, ಗೆದ್ದೆ. ಆರು ಉಳಿದರೆ? ಎಷ್ಟೇ ತೆಗೆದರೂ ಎದುರಿನವರಿಗೆ ಎರಡರಿಂದ ಐದರೊಳಗಿನ ಸಂಖ್ಯೆಯೇ ಸಿಗುತ್ತದೆ, ಅಂದರೆ ಗೆಲುವು ಅವರದು. ಹಾಗಾದರೆ ಆರು ಸೋಲಿನ ಸಂಖ್ಯೆ. ಹೀಗೆ ಹಿಂದಕ್ಕೆ ಹೋದರೆ ಹನ್ನೊಂದೂ ಸೋಲಿನ ಸಂಖ್ಯೆ. ಹದಿನೈದರಿಂದ ಹನ್ನೊಂದಕ್ಕೆ ಇಳಿಯಲು ನಾಲ್ಕು ತೆಗೆಯಬೇಕು, ತೆಗೆದಳು. ಆಮೇಲೆ ಆಯಿ ಎಷ್ಟು ತೆಗೆದರೂ ಅವರದೂ ತನ್ನದೂ ಕೂಡಿ ಐದಾಗುವಂತೆ ನೋಡಿಕೊಂಡಳು. ಅಷ್ಟೇ.

ಈಗ ಒಂದು ಬೀಜ ಹೆಚ್ಚಿಗೆ ಇಟ್ಟು ಹದಿನಾರು ಮಾಡಿ. ಮೊದಲು ಆಡುವವರು ಸೋಲುತ್ತಾರೆ, ಎದುರಿನವರಿಗೆ ಗುಟ್ಟು ಗೊತ್ತಿದ್ದರೆ. ಆಗ ಟಕ್ಸ್ ಮೇಲೆ ಒತ್ತಿ ಅದನ್ನೇ ಮೊದಲು ಆಡಿಸುವುದು ಜಾಣತನ.

ಕೊನೆಯಿಂದ ಹಿಂದಕ್ಕೆ ಬರುವ ಈ ಉಪಾಯ ಬೀಜದ ಆಟಕ್ಕೆ ಮಾತ್ರ ಸೀಮಿತವಲ್ಲ. ಒಬ್ಬ ಅಜ್ಜಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಮೂವರು ಹೆಣ್ಣುಮಕ್ಕಳ ಮನೆಗೆ ಹೊರಟಳು. ನಿಪ್ಪಾಣಿಯ ಮಗಳಿಗೆ ಇದ್ದುದರಲ್ಲಿ ಅರ್ಧ, ಮೇಲೊಂದು ಹೋಳಿಗೆ ಕೊಟ್ಟಳು. ಚಿಕ್ಕೋಡಿಯ ಮಗಳಿಗೆ ಉಳಿದುದರಲ್ಲಿ ಅರ್ಧ, ಮೇಲೊಂದು. ಅಥಣಿಯ ಮಗಳಿಗೂ ಹಾಗೇ. ಕೊನೆಗೆ ಗಂಟಿನಲ್ಲಿ ಒಂದೇ ಹೋಳಿಗೆ ಉಳಿಯಿತು. ಮನೆ ಬಿಟ್ಟಾಗ ಎಷ್ಟಿದ್ದವು? ಮೊದಲಿನಿಂದ ಊಹಿಸುತ್ತ ಹೋದರೆ ತಲೆ ಬಿಸಿಯಾಗುತ್ತದೆ. ಅಥಣಿಯಿಂದ ಹಿಂದಕ್ಕೆ ಬನ್ನಿ. ಒಂದಕ್ಕೆ ಒಂದು ಕೂಡಿಸಿ ಎರಡರಿಂದ ಗುಣಿಸಿದರೆ ನಾಲ್ಕು. ನಾಲ್ಕಕ್ಕೆ ಒಂದು ಕೂಡಿಸಿ ಎರಡರಿಂದ ಗುಣಿಸಿದರೆ ಹತ್ತು. ಹತ್ತರಿಂದ ಇಪ್ಪತ್ತೆರಡು. ಬೇಕಾದರೆ ಹಂಚಿ ನೋಡಿ, ಲೆಕ್ಕ ಕೂಡುತ್ತದೆ.

ಕೊಟ್ಟದ್ದನ್ನು ಕೂಡಿಸುವುದು, ಅರ್ಧ ಮಾಡಿದ್ದನ್ನು ಇಮ್ಮಡಿ ಮಾಡುವುದು: ಈ ನಿಯಮವನ್ನು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ. ಗುಣಾಕಾರ ಭಾಗಾಕಾರವಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ ಎಂದು ಹೇಳಿದಾಗ ಅವನಿಗೆ ಇಪ್ಪತ್ಮೂರು ವರ್ಷ. ನಮ್ಮ ಹಳೆಯ ಗಣಿತಜ್ಞರು ಇದನ್ನು ವಿಲೋಮ ವಿಧಿ ಎಂದು ಕರೆದರು.

ರಾಯಬಾಗದ ಹೆಸರು ಎತ್ತಿದೆನಲ್ಲ, ಅದಕ್ಕೆ ಕಾರಣವಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ಇದ್ದ. ಗಣಿತವನ್ನು ಕನ್ನಡದಲ್ಲಿ ಬರೆದವರಲ್ಲಿ ನಮಗೆ ತಿಳಿದಿರುವ ಮೊದಲಿಗ ಅವನೇ. ಅವನ ಊರು ಪೂವಿನಬಾಗೆ. ಅದೇ ಇಂದಿನ ರಾಯಬಾಗ ಎನ್ನುತ್ತಾರೆ. ‘ವ್ಯವಹಾರ ಗಣಿತ’, ‘ಕ್ಷೇತ್ರ ಗಣಿತ’, ‘ಲೀಲಾವತಿ’ ಅವನ ಪುಸ್ತಕಗಳಲ್ಲಿ ಕೆಲವು. ಪದ್ಯ, ಗದ್ಯ ಎರಡನ್ನೂ ಬೆರೆಸಿ ಲೆಕ್ಕ ಹೇಳಿಕೊಟ್ಟ. ಐದು ತೆಂಗಿನಕಾಯಿಗೆ ಇಷ್ಟು ದುಡ್ಡಾದರೆ ಎಂಟಕ್ಕೆ ಎಷ್ಟು ಎನ್ನುವಂಥ ತ್ರೈರಾಶಿ, ಅದರ ಮೇಲಿನ ಪಂಚರಾಶಿ, ಸಪ್ತರಾಶಿ, ನವರಾಶಿ ಎಲ್ಲ ಅವನ ಪುಸ್ತಕದಲ್ಲಿವೆ. ಪದ್ಯದಲ್ಲಿ ಏಕೆ ಬರೆಯಬೇಕಿತ್ತು ಎಂದು ಕೇಳಬೇಡಿ. ಕಾಗದವಿಲ್ಲದ ಕಾಲ, ನೆನಪಿನಲ್ಲಿ ಉಳಿಯಬೇಕಲ್ಲ. ನಿಮಗೂ ಮಗ್ಗಿಗಿಂತ ಹಾಡು ಬೇಗ ಬಾಯಿಪಾಠವಾಗುತ್ತದೆ.

ಇನ್ನು ದೊಡ್ಡ ಆಟಕ್ಕೆ ಬರೋಣ. ಒಂದರೊಳಗೊಂದು ಮೂರು ಚೌಕ ಬರೆಯಿರಿ. ಪ್ರತಿ ಬದಿಯ ನಡುವಿನಿಂದ ಗೆರೆ ಎಳೆದು ಮೂರು ಚೌಕಗಳನ್ನೂ ಜೋಡಿಸಿ. ಮೂಲೆಗಳನ್ನು ಜೋಡಿಸಬೇಡಿ. ಗೆರೆ ಕೂಡುವ ಜಾಗ ಎಣಿಸಿದರೆ 24 ಮನೆ. ಒಬ್ಬರಿಗೆ ಒಂಬತ್ತು ಹುಣಸೆ ಬೀಜ, ಇನ್ನೊಬ್ಬರಿಗೆ ಒಂಬತ್ತು ಗೋವಿನಜೋಳದ ಕಾಳು. ಸರದಿಯಂತೆ ಒಂದೊಂದೇ ಇಡುತ್ತ ಹೋಗಬೇಕು. ಇಟ್ಟು ಮುಗಿದ ಮೇಲೆ ಗೆರೆಯುದ್ದಕ್ಕೆ ಪಕ್ಕದ ಮನೆಗೆ ಸರಿಸಬೇಕು. ಮೂರು ಕಾಯಿ ಒಂದೇ ಗೆರೆಯಲ್ಲಿ ಕೂಡಿಸಿದವರು ಎದುರಿನವರ ಒಂದು ಕಾಯಿ ಎತ್ತಬಹುದು. ಮೂರೇ ಕಾಯಿ ಉಳಿದವರು ಎಲ್ಲಿಗೆ ಬೇಕಾದರೂ ಹಾರಬಹುದು. ಎರಡಕ್ಕಿಳಿದವರು ಸೋತರು, ಸರಿಸಲು ಜಾಗವೇ ಇಲ್ಲದವರೂ ಸೋತರು. ಗುರುತು ಹತ್ತಿತಲ್ಲ? ಸಾಲುಮನೆ ಅನ್ನುತ್ತಾರೆ, ನವಕಂಕರಿ ಅನ್ನುತ್ತಾರೆ. ಹಂಪಿಯ ಕಲ್ಲುಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದೂ ನೋಡಬಹುದು. ಯುರೋಪಿನಲ್ಲೂ ಇದೇ ಆಟ ಬಹಳ ಹಿಂದಿನಿಂದ ಇದೆ. ಜಿಕಾಂಪ್ರಿಯಲ್ಲೂ ಇದೆ, ಅಲ್ಲೂ ಎದುರಾಳಿ ಅದೇ ಪೆಂಗ್ವಿನ್.

ಈ ಆಟದಲ್ಲಿ ಬೀಜದಾಟದಂಥ ಗುಟ್ಟೊಂದು ಇದೆಯೇ? ಮೊದಲು ಇದು ಎಷ್ಟು ದೊಡ್ಡದು ಎಂದು ಅಳೆಯೋಣ. ಮೊದಲ ಕಾಯಿ ಇಡಲು 24 ಜಾಗ. ಎರಡನೆಯದಕ್ಕೆ 23. ಗುಣಿಸಿದರೆ 552 ರೀತಿ. ಮೂರನೆಯ ಕಾಯಿಗೆ 12,144. ನಾಲ್ಕನೆಯದು ಇಡುವಷ್ಟರಲ್ಲಿ 2,55,024. ಇನ್ನೂ ಹದಿನಾಲ್ಕು ಕಾಯಿ ಕೈಯಲ್ಲೇ ಇವೆ!

ಗಾಬರಿಯಾಗಬೇಡಿ. ಮನೆ ಬರೆದ ಹಾಳೆಯನ್ನು ಕಾಲು ಸುತ್ತು ತಿರುಗಿಸಿ. ಆಟ ಬದಲಾಯಿತೇ? ಇಲ್ಲ. ಮೇಲಿನ ಬಲ ಮೂಲೆಯಲ್ಲಿದ್ದ ಬೀಜ ಈಗ ಕೆಳಗಿನ ಬಲ ಮೂಲೆಗೆ ಬಂತು, ಅಷ್ಟೇ. ಹೀಗೆ ನಾಲ್ಕು ಸುತ್ತು. ಕನ್ನಡಿಯಲ್ಲಿ ನೋಡಿದರೂ ಅದೇ ಆಟ, ನಾಲ್ಕು ಎಂಟಾಯಿತು. ಇನ್ನೊಂದು ಚಂದದ ತಿರುವು ಇದೆ, ಬಹಳ ಜನಕ್ಕೆ ಹೊಳೆಯುವುದಿಲ್ಲ: ಹೊರಚೌಕವನ್ನು ಒಳಗೆ, ಒಳಚೌಕವನ್ನು ಹೊರಗೆ ಮಾಡಿದರೂ ಗೆರೆಗಳ ಸಂಬಂಧ ಕೆಡುವುದಿಲ್ಲ. ಎಂಟು ಹದಿನಾರಾಯಿತು. ಈಗ ಮತ್ತೆ ಎಣಿಸಿ. ಮೊದಲ ಕಾಯಿಗೆ 24 ಜಾಗ ಎಂದೆವಲ್ಲ, ನಿಜಕ್ಕೂ ಬೇರೆಬೇರೆಯಾದದ್ದು ನಾಲ್ಕೇ. ನಡುಚೌಕದ ಮೂಲೆ ಒಂದು ಬಗೆ, ಅದರ ಬದಿಯ ನಡುವು ಇನ್ನೊಂದು. ಹೊರಚೌಕ, ಒಳಚೌಕ ಎರಡರ ಮೂಲೆಗಳೂ ಸೇರಿ ಒಂದು ಬಗೆ, ಎರಡರ ನಡುಗಳೂ ಸೇರಿ ಇನ್ನೊಂದು. ತಿರುಗಿಸಿ, ಕನ್ನಡಿ ಹಿಡಿದು, ಒಳಹೊರಗು ಮಾಡಿದ್ದರಿಂದಲೇ ಇಷ್ಟು ಕೆಲಸ ಉಳಿಯಿತು. ಗಣಿತದವರು ಇದಕ್ಕೆ ಸಮ್ಮಿತಿ ಎನ್ನುತ್ತಾರೆ. ಮನೆ ಮುಂದಿನ ರಂಗೋಲಿಯಲ್ಲಿ ದಿನಾ ಕಾಣುವುದೂ ಅದೇ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ರಾಲ್ಫ್ ಗಾಸರ್ ಎಂಬವರು ಈ ಆಟದ ಬೆನ್ನು ಹತ್ತಿದರು. ತಿರುಗಿಸಿದ್ದು, ಕನ್ನಡಿಯದ್ದು, ಒಳಹೊರಗಾದದ್ದು ಎಲ್ಲವನ್ನೂ ಒಂದೇ ಎಂದು ಲೆಕ್ಕ ಹಾಕಿದ ಮೇಲೂ, ಕಾಯಿ ಸರಿಸುವ ಹಂತದಲ್ಲಿ ಸುಮಾರು 767 ಕೋಟಿ ಸ್ಥಿತಿಗಳು ಉಳಿದವು. ಅವರೂ ಕೊನೆಯಿಂದಲೇ ಶುರುಮಾಡಿದರು. ಯಾವ ಸ್ಥಿತಿಯಲ್ಲಿ ಆಟ ಮುಗಿಯುತ್ತದೋ ಅಲ್ಲಿ ಗೆಲುವು, ಸೋಲು ಎಂದು ಗುರುತು ಹಾಕಿದರು. ಅಲ್ಲಿಂದ ಒಂದು ನಡೆ ಹಿಂದೆ, ಮತ್ತೊಂದು ನಡೆ ಹಿಂದೆ. ಒಂದು, ಆರು, ಹನ್ನೊಂದು ಎಂದು ಹುಡುಗಿ ಹಿಂದೆ ಸರಿದಳಲ್ಲ, ಅದೇ ದಾರಿ. ಕೆಲಸ ಮಾತ್ರ ಕಂಪ್ಯೂಟರಿನದು. ಮೊದಲ ಹದಿನೆಂಟು ಕಾಯಿ ಇಡುವ ಹಂತವನ್ನು ಮುಂದಿನಿಂದ ಹುಡುಕಿ ಎರಡನ್ನೂ ನಡುವೆ ಕೂಡಿಸಿದರು. 1993ರಲ್ಲಿ ಉತ್ತರ ಸಿಕ್ಕಿತು: ಇಬ್ಬರೂ ಒಂದೂ ತಪ್ಪು ಮಾಡದಿದ್ದರೆ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಹಾಗೆಂದು ಕಟ್ಟೆಯ ಮೇಲೆ ಆಡುವ ಅಜ್ಜಂದಿರಿಗೆ ಹೇಳಬೇಡಿ, ನಗುತ್ತಾರೆ. ತಪ್ಪು ಮಾಡದೆ ಆಡುವವರು ಯಾರಿದ್ದಾರೆ? ಮತ್ತೊಂದು ಮಾತು: ಮೂಲೆಗಳನ್ನೂ ಗೆರೆಯಿಂದ ಜೋಡಿಸಿ ಆಡುವವರಿದ್ದಾರೆ. ಆಗ ಅದು ಬೇರೆಯೇ ಆಟ, ಗಾಸರ್ ಉತ್ತರ ಅದಕ್ಕೆ ಸಲ್ಲದು.

ಗಾಸರ್ ಅವರ ಗುರು ಯೂರ್ಗ್ ನೀವರ್ಗೆಲ್ಟ್. ಆಮೇಲೆ ಈ ಗುರು ಲಿಮ್ ಯೂ ಜಿನ್ ಎಂಬವರ ಜೊತೆ ಸೇರಿ ನೇಪಾಳದ ಹುಲಿ-ಆಡಿನ ಆಟವನ್ನೂ ಬಿಡಿಸಿದರು. ಅದರಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು. ಅದೂ ಸಮ. ನಮ್ಮ ಕಡೆಯ ಹುಲಿಮನೆ ಬೇರೆ, ತ್ರಿಕೋನದ ಮನೆ, ಮೂರು ಹುಲಿ. ಕೆನಡಾದ ಜೊನಾಥನ್ ಶೆಫರ್ ತಂಡ 1989ರಲ್ಲಿ ಚೆಕರ್ಸ್ ಆಟದ ಕೆಲಸ ಹಿಡಿದು 2007ರಲ್ಲಿ ಮುಗಿಸಿತು, ಅದೂ ಸಮ. ಚದುರಂಗ ಮಾತ್ರ ಇನ್ನೂ ಯಾರ ಕೈಗೂ ಪೂರ್ತಿ ಸಿಕ್ಕಿಲ್ಲ. ಮಣೆಯ ಮೇಲೆ ಏಳೇ ಕಾಯಿ ಉಳಿದಾಗ ಏನಾಗುತ್ತದೆ ಎಂಬುದು ಗೊತ್ತು, ಅದನ್ನೂ ಹಿಂದಕ್ಕೆ ಬಂದೇ ಕಂಡುಹಿಡಿದದ್ದು.

ಹಾಗಾದರೆ ಮೊಬೈಲಿನೊಳಗಿನ ಎದುರಾಳಿಗೆ ಸಾಲುಮನೆಯ ಆ 767 ಕೋಟಿ ಸ್ಥಿತಿಗಳೂ ಬಾಯಿಪಾಠವೇ? ಅಲ್ಲ. ಇಂಥ ಎದುರಾಳಿ ಸಾಮಾನ್ಯವಾಗಿ ಕೆಲವೇ ನಡೆ ಮುಂದೆ ನೋಡುತ್ತದೆ. ನಾನು ಇಲ್ಲಿಟ್ಟರೆ ಇವರು ಅಲ್ಲಿಡಬಹುದು, ಆಗ ನಾನು ಎಲ್ಲಿಡಲಿ ಎಂದು. ಸುಲಭದ ಹಂತದಲ್ಲಿ ಕಡಿಮೆ ದೂರ ನೋಡುತ್ತದೆ, ಇಲ್ಲವೇ ಬೇಕೆಂದೇ ನಡುನಡುವೆ ಎಲ್ಲೋ ಒಂದು ಕಡೆ ಇಟ್ಟುಬಿಡುತ್ತದೆ. ನೀವು ಗೆದ್ದಾಗ ಖುಷಿಪಡಿ, ಆದರೆ ಅದು ಬಿಟ್ಟುಕೊಟ್ಟ ಗೆಲುವೇ ಎಂದು ಒಮ್ಮೆ ಅನುಮಾನಿಸಿ. ಪ್ರತಿ ಒತ್ತಿಗೂ ಚಪ್ಪಾಳೆ, ನಕ್ಷತ್ರ ಸುರಿಸುವ ಆಟಗಳ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ. ಸೋತಾಗ ಹಿಂದಕ್ಕೆ ಹೋಗಿ ಎಲ್ಲಿ ಎಡವಿದೆ ಎಂದು ನೋಡಲು ಬಿಡುವ ಆಟವೇ ವಾಸಿ. ಜೊತೆಗೆ ಅವ್ವನೋ ಅಣ್ಣನೋ ಕೂತಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ “ಅಲ್ಲಿ ಯಾಕ ಇಟ್ಟಿ?” ಎಂದು ಟಕ್ಸ್ ಕೇಳುವುದಿಲ್ಲ.

ಕೋಟಿಗಟ್ಟಲೆ ಸ್ಥಿತಿ ಬರೆಯಲು ನಿಮ್ಮಿಂದಾಗದು. ಆದರೆ ಒಂದು ಆಟವನ್ನು ನೀವೇ ಪೂರ್ತಿ ಬಿಡಿಸಬಹುದು. ಒಂಬತ್ತು ಮನೆ ಬರೆದು, ಒಬ್ಬರು ಸೊನ್ನೆ, ಇನ್ನೊಬ್ಬರು ಗುಣಾಕಾರ ಚಿಹ್ನೆ ಹಾಕುವ ಆಟ ಶಾಲೆಯ ಹಿಂದಿನ ಬೆಂಚಿನಲ್ಲಿ ಎಲ್ಲರೂ ಆಡಿದ್ದೇ. ರಫ್ ನೋಟ್‌ಬುಕ್ಕಿನಲ್ಲಿ ಮೂರು ಪುಟ ಬಿಡಿ. ಹಾಳೆ ತಿರುಗಿಸಿ, ಕನ್ನಡಿಯಲ್ಲೂ ನೋಡಿದರೆ ಮೊದಲ ಗುರುತಿಗೆ ಮೂರೇ ಬಗೆ: ಮೂಲೆ, ಬದಿ, ನಡು. ನಡುವಿನ ಪುಟದಲ್ಲಿ ಎದುರಿನವರಿಗೆ ಎರಡೇ ಬಗೆಯ ಉತ್ತರ. ಮೂಲೆಯ ಪುಟದಲ್ಲಿ ಐದು, ಬದಿಯ ಪುಟದಲ್ಲೂ ಐದು. ಒಟ್ಟು ಹನ್ನೆರಡು. ಅಲ್ಲಿಂದ ಮುಂದಕ್ಕೆ ಕವಲು ಬರೆಯುತ್ತ ಹೋಗಿ, ಆಟ ಮುಗಿದ ಕಡೆಯಿಂದ ಹಿಂದಕ್ಕೆ ಗೆಲುವು, ಸೋಲು, ಸಮ ಎಂದು ಗುರುತು ಹಾಕುತ್ತ ಬನ್ನಿ. ಮೂಲೆಯ ಪುಟದ ಐದು ಉತ್ತರಗಳಲ್ಲಿ ನಾಲ್ಕು ಖಂಡಿತ ಸೋಲಿನವು, ಒಂದೇ ಒಂದು ಪಾರುಮಾಡುತ್ತದೆ. ಅದು ಯಾವುದೆಂದು ನಾನು ಹೇಳುವುದಿಲ್ಲ.