ಕಾರ್ಯಪ್ಪನವರ ಸ್ಮರಣೆ: ದಂಡನಾಯಕರು, ತಂದೆ



ವೀರರ ಸ್ಮರಣೆಗೆಂದು ನೆರೆದ ಸಭೆಗಳಲ್ಲಿ ರಣರಂಗದ ವರ್ಣನೆಯೇ ಹೆಚ್ಚಾಗಿ ಕೇಳಿಬರುವುದು ವಾಡಿಕೆ. ಇಂದು ಕೊಡಂದೇರ ಮಾದಪ್ಪ ಕಾರ್ಯಪ್ಪನವರನ್ನು ನೆನೆಯುವಾಗ ನಾವು ಅವರ ಮನೆಯೊಳಗನ್ನೂ ಕಾಣಬಯಸುತ್ತೇವೆ. ಸೇನಾನಿಯ ಧೈರ್ಯವನ್ನು ಶತ್ರು ಪರೀಕ್ಷಿಸುತ್ತಾನೆ. ಆತನ ಧರ್ಮವನ್ನು ಹೆತ್ತ ಮಕ್ಕಳ ಮೋಹವೇ ಪರೀಕ್ಷಿಸುತ್ತದೆ.

ಕಾರ್ಯಪ್ಪನವರು 1899ರಲ್ಲಿ ಕೊಡಗಿನಲ್ಲಿ ಜನಿಸಿದರು. ಇಂದೂರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಪಡೆದು 1919ರಲ್ಲಿ ಸೈನ್ಯಾಧಿಕಾರಿಯಾದರು. ಮೇಲಣ ಪದವಿಗಳೆಲ್ಲ ಆಂಗ್ಲರ ಕೈಯಲ್ಲಿದ್ದ ಕಾಲವದು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಸೇರಿದ ಮೊದಲ ಭಾರತೀಯರೂ, 1942ರಲ್ಲಿ ಒಂದು ಪಟಾಲಮಿನ ಅಧಿಪತ್ಯ ವಹಿಸಿದ ಮೊದಲ ಭಾರತೀಯರೂ ಇವರೇ. 1948ರ ಕಾಶ್ಮೀರ ಯುದ್ಧದಲ್ಲಿ ಪಶ್ಚಿಮ ವಿಭಾಗದ ಸೇನೆ ಇವರ ಆಜ್ಞೆಯಲ್ಲಿದ್ದಾಗ ಜೋಜಿಲಾ, ದ್ರಾಸ್, ಕಾರ್ಗಿಲ್‌ಗಳು ಮರಳಿ ವಶವಾಗಿ ಲೇಹ್‌ಗೆ ದಾರಿ ತೆರೆಯಿತು. ಜೋಜಿಲಾ ಕಣಿವೆಯ ಕಾಳಗವನ್ನು ನಡೆಸಿದ ತಿಮ್ಮಯ್ಯನವರೂ ಕೊಡಗಿನವರೇ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1949ರ ಜನವರಿ 15ರಂದು ಕಾರ್ಯಪ್ಪನವರು ಜನರಲ್ ಬುಚರರಿಂದ ಅಧಿಕಾರ ಸ್ವೀಕರಿಸಿ, ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾದಿನ.

ಇನ್ನು ಗೃಹಸ್ಥ ಕಾರ್ಯಪ್ಪನವರು. 1937ರಲ್ಲಿ ವಿವಾಹವಾದ ಅವರಿಗೆ ಒಬ್ಬ ಮಗ, ಒಬ್ಬ ಮಗಳು. ಒಂದು ದಿನ ಶಾಲೆಯ ವಾಹನ ಬಾರದಿರಲು, ಸಹಾಯಕ ಅಧಿಕಾರಿಯೊಬ್ಬರು ಮಕ್ಕಳನ್ನು ಸೈನ್ಯದ ಮೋಟಾರಿನಲ್ಲಿ ಕಳುಹಿಸಿಬಿಟ್ಟರು. ವಿಷಯ ತಿಳಿದೊಡನೆ ಕಾರ್ಯಪ್ಪನವರು ಕೆರಳಿದರು. ಆ ಪ್ರಯಾಣದ ವೆಚ್ಚವನ್ನು ಲೆಕ್ಕಹಾಕಿಸಿ ತಮ್ಮ ಸ್ವಂತ ಹಣದಿಂದ ತೆತ್ತರು. ಅಲ್ಪ ವಿಷಯವೆಂದು ನಗುವವರಿದ್ದಾರು. ಆದರೆ ಅಲ್ಪದಲ್ಲಿ ಸಡಿಲಿದ ಕೈ ಮಹತ್ತರದಲ್ಲಿ ಬಿಗಿಯಾದೀತೆ?

ಮಹತ್ತರವಾದ ಪರೀಕ್ಷೆ 1965ರಲ್ಲಿ ಬಂದಿತು. ವೈಮಾನಿಕನಾಗಿದ್ದ ಮಗ, ಯುದ್ಧವಿನ್ನೇನು ಮುಗಿಯಬೇಕೆನ್ನುವಾಗ, ಸೆಪ್ಟೆಂಬರ್ 22ರಂದು ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದನು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ಒಮ್ಮೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು. ಹಳೆಯ ಗೌರವದಿಂದ ಅವರು ಮಗನ ಬಿಡುಗಡೆಯ ಮಾತನ್ನು ತಲುಪಿಸಿದರು. ಆತನು ಈಗ ದೇಶದ ಮಗ, ಬಿಡುವುದಾದರೆ ಎಲ್ಲ ಸೆರೆಯಾಳುಗಳನ್ನೂ ಬಿಡಿರಿ, ಇವನೊಬ್ಬನಿಗೆ ವಿಶೇಷ ಉಪಚಾರ ಸಲ್ಲದು ಎಂದು ತಂದೆ ತಿಳಿಸಿದರು. ಮಗ ಮರಳಿದ್ದು ಮರುವರ್ಷ. ಮುಂದೆ ಆತನು ಏರ್ ಮಾರ್ಷಲ್ ಪದವಿಗೇರಿದನು.

ಇದು ಕಲ್ಲೆದೆಯ ಮಾತೆ? ನಾವು ಹಾಗೆ ತಿಳಿಯೆವು. ಅಂದು ಸೆರೆಯಾಳುಗಳ ದಾರಿ ಕಾಯುತ್ತಿದ್ದ ತಂದೆತಾಯಿಗಳು ಇನ್ನೂ ಅನೇಕರಿದ್ದರು. ಅವರಿಗೆ ಅಧ್ಯಕ್ಷರ ಪರಿಚಯವಿರಲಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬುದು ನಮ್ಮ ವಕೀಲಿಯ ಮೊದಲ ಪಾಠ. ಅದನ್ನು ಬಲ್ಲ ನಾವೇ ಮಗನ ನೌಕರಿಗಾಗಿ, ಅಳಿಯನ ವರ್ಗಾವಣೆಗಾಗಿ ಶಿಫಾರಸು ಪತ್ರ ಹಿಡಿದು ದೊಡ್ಡವರ ಜಗುಲಿ ಕಾಯುತ್ತೇವೆ. ಪ್ರತಿಯೊಂದು ಶಿಫಾರಸಿನ ಹಿಂದೆಯೂ ಪರಿಚಯವಿಲ್ಲದ ಬಡವನ ಮಗನೊಬ್ಬನ ಹಕ್ಕು ಅಡಗಿದೆಯೆಂಬುದನ್ನು ಮರೆಯುತ್ತೇವೆ.

1986ರಲ್ಲಿ ದೇಶವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ಕಾಲವಶರಾದರು. ಉಪಾಧ್ಯಾಯ ಬಂಧುಗಳೇ, ಮಕ್ಕಳಿಗೆ ಅವರ ಪದವಿಗಳ ಪಟ್ಟಿಯನ್ನು ಕಲಿಸಿರಿ. ಅದರೊಡನೆ ಆ ಮೋಟಾರಿನ ಲೆಕ್ಕವನ್ನೂ ತಪ್ಪದೆ ಕಲಿಸಿರಿ. ಇಷ್ಟನ್ನು ಬಿನ್ನವಿಸಿ ನಾವು ವಿರಮಿಸುತ್ತೇವೆ.