ಬಿಳಿಗಾರ, ಬೋರಾನ್ ಮತ್ತು ಕ್ಯಾನ್ಸರ್

ಈ ಭಾಷಣಮಾಲೆಯಲ್ಲಿ ಹಿಂದೆ ಮಾತನಾಡಿದ ಮೇಲೆ ನನಗೆ ಬಂದ ಪತ್ರಗಳಲ್ಲಿ ಬಹುಪಾಲು ಎರಡೇ ಸಂದೇಹಗಳ ಸುತ್ತ ತಿರುಗುತ್ತವೆ. ಗೋವೆಯ ಮಳೆಗಾಲದ ತೇವಕ್ಕೆ ಜಿಗುಟಾದ ಕೇರಂ ಹಲಗೆಯ ಮೇಲೆ ಮಕ್ಕಳು ಹಿಡಿಹಿಡಿಯಾಗಿ ಎರಚುವ ಬೋರಿಕ್ ಪುಡಿಯಿಂದ ಕ್ಯಾನ್ಸರ್ ಬಂದೀತೇ ಎಂಬುದು ಕೆಲವರ ಭೀತಿ. ಬೋರಾನಿನಿಂದ ಕ್ಯಾನ್ಸರ್ ವಾಸಿಯಾಗುವುದೆಂದು ಎಲ್ಲಿಯೋ ಕೇಳಿ, ಹಾಗಾದರೆ ಗಡ್ಡೆಗೆ ಬೋರಾನಿರುವ ಅಂಗಡಿಯ ಬಿಳಿಗಾರವನ್ನು ನೀರಿನಲ್ಲಿ ಕದಡಿ ಕುಡಿಯಬಹುದಲ್ಲವೇ ಎಂಬುದು ಮತ್ತೆ ಕೆಲವರ ಆಶೆ. ಒಂದೇ ಮೂಲವಸ್ತುವಿಗೆ ರೋಗ ತರುವ ಅಪಕೀರ್ತಿಯನ್ನೂ ರೋಗ ಕಳೆಯುವ ಕೀರ್ತಿಯನ್ನೂ ಒಟ್ಟಿಗೆ ಹೊರಿಸಿರುವುದನ್ನು ಕಂಡು ನಗಬೇಕೋ ಮರುಗಬೇಕೋ ತಿಳಿಯದು.

ಎರಡನೆಯ ಸುದ್ದಿಗೆ ಬುಡವಿಲ್ಲದೆ ಇಲ್ಲ. ಆ ಬುಡವು ನಮಗೆ ಸಮೀಪದಲ್ಲಿಯೇ ಇದೆ. ಮಡಗಾಂವಿನಲ್ಲಿ ರೈಲು ಹತ್ತಿ ಕಾಳಿ ನದಿಯನ್ನು ದಾಟಿದರೆ ಕೆಲವೇ ಗಂಟೆಗಳಲ್ಲಿ ಮುಟ್ಟಬಹುದಾದ ಗೋಕರ್ಣದಲ್ಲಿ ಜನಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ, 1974ರಲ್ಲಿ ಎಡಿನ್‌ಬರೋದಿಂದ ಡಾಕ್ಟರೇಟ್ ಪಡೆದ ನಾರಾಯಣ ಹೊಸ್ಮನೆಯವರು, ಬೆಲ್‌ಫಾಸ್ಟಿನಲ್ಲಿ ಕೆಲಕಾಲ ದುಡಿದು, ಅಮೆರಿಕೆಯ ವರ್ಜೀನಿಯದಲ್ಲಿ ರಸೆಲ್ ಗ್ರೈಮ್ಸ್ ಎಂಬ ವಿದ್ವಾಂಸರ ಬಳಿ ಬೋರಾನಿನ ಸಂಯುಕ್ತಗಳ ರುಚಿ ಹತ್ತಿಸಿಕೊಂಡು, 1982ರಿಂದ ಡಲ್ಲಸಿನಲ್ಲಿಯೂ 1998ರಿಂದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿಯೂ ಅದೊಂದೇ ಮೂಲವಸ್ತುವಿನ ಬೆನ್ನು ಹತ್ತಿದವರು. ಅವರ ಹೆಸರನ್ನು ಹೇಳಿ ಬಿಳಿಗಾರ ಕುಡಿಯುವವರಿದ್ದಾರೆಂದು ತಿಳಿದಾಗಲೇ ಈ ವಿಷಯವನ್ನು ಇಂದು ಎತ್ತಿಕೊಳ್ಳಬೇಕೆಂದು ನಿಶ್ಚಯಿಸಿದೆನು.

ಪ್ರಕೃತಿಯಲ್ಲಿ ದೊರೆಯುವ ಬೋರಾನಿನಲ್ಲಿ ಸುಮಾರು ಐದರಲ್ಲೊಂದು ಪಾಲು ಬೋರಾನ್-10 ಎಂಬ ಜಾತಿಯದು. ನಿಧಾನಗತಿಯ ನ್ಯೂಟ್ರಾನೊಂದು ಇದರ ಪರಮಾಣುಬೀಜವನ್ನು ಹೊಕ್ಕಿತೆಂದರೆ, ಬೀಜವು ತತ್‌ಕ್ಷಣವೇ ಹೀಲಿಯಂ ಮತ್ತು ಲಿಥಿಯಂ ಎಂಬ ಎರಡು ಹೋಳುಗಳಾಗಿ ಸಿಡಿಯುತ್ತದೆ. ಆ ಹೋಳುಗಳು ಮಹಾವೇಗದಿಂದ ಹೊರಟರೂ ಅವುಗಳ ಓಟ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನೂ ಮೀರುವುದಿಲ್ಲ. ಅದು ಹೆಚ್ಚುಕಡಿಮೆ ಒಂದು ಜೀವಕೋಶದ ಅಗಲ. ಎಂದಮೇಲೆ ಬೋರಾನನ್ನು ಹೊತ್ತ ಕೋಶವು ಸಾಯುತ್ತದೆ, ಹೊರದ ನೆರೆಯ ಕೋಶವು ಉಳಿಯುತ್ತದೆ. ಗೋಡೆಗೆ ಗೋಡೆ ತಾಗಿದ ಅಗ್ರಹಾರದ ಸಾಲಿನಲ್ಲಿ ಒಂದೇ ಮನೆ ಸುಟ್ಟು ಮಗ್ಗುಲಿನ ಮನೆಯ ಸುಣ್ಣವೂ ಕಪ್ಪಾಗದೆ ನಿಂತಂತೆ. ನ್ಯೂಟ್ರಾನನ್ನು ಚಾಡ್ವಿಕ್ಕರು ಕಂಡುಹಿಡಿದದ್ದು 1932ರಲ್ಲಿ; ಅದನ್ನು ಹೀಗೆ ಚಿಕಿತ್ಸೆಗೆ ಬಳಸಬಹುದೆಂದು ಗಾರ್ಡನ್ ಲೋಚರ್ ಸೂಚಿಸಿದ್ದು 1936ರಲ್ಲಿಯೇ.

ಇದನ್ನೇ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಈ ಚಿಕಿತ್ಸೆಯಲ್ಲಿ ಕೊಲ್ಲುವುದು ಬೋರಾನಲ್ಲ. ಬೋರಾನು ಗುರಿ ಮಾತ್ರ. ಹೊರಗಿನಿಂದ ನ್ಯೂಟ್ರಾನು ಬಂದು ತಾಗದ ಹೊರತು ಆ ಬೀಜವು ಸಿಡಿಯುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಪಿಂಗಾಣಿ ಬಟ್ಟಲಿನಲ್ಲಿ ಚಿಟಿಕೆ ಬೋರಿಕ್ ಪುಡಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರುತ್ತಿದ್ದೆನು; ಅಂಚಿನಲ್ಲಿ ಏಳುವ ಸೊಗಸಾದ ಹಸುರು ಜ್ವಾಲೆಯನ್ನು ಕಂಡು ಬೆರಗಾದ ಹುಡುಗರಿಗೆ, ಇಷ್ಟು ಉರಿದರೂ ಬೋರಾನಿನ ಬೀಜವು ಕಿಂಚಿತ್ತೂ ಅಲುಗಿಲ್ಲ ಎಂದು ಹೇಳುತ್ತಿದ್ದೆನು. ಬೆಂಕಿಗೆ ಅಲುಗದ್ದು ಹೊಟ್ಟೆಯ ಆಮ್ಲಕ್ಕೆ ಅಲುಗುವುದೇ? ಬಿಳಿಗಾರ ಕುಡಿದವರ ಗಡ್ಡೆಯಲ್ಲಿ ಬೋರಾನು ಸಿಡಿಯುವುದಿಲ್ಲ. ಅದು ಮೂತ್ರಪಿಂಡಗಳಿಗೆ ಕೆಲಸ ಕೊಟ್ಟು ಹೊರಟುಹೋಗುತ್ತದೆ, ಪ್ರಮಾಣ ಮೀರಿದರೆ ಹೋಗುವ ಮುನ್ನ ವಾಂತಿ, ಭೇದಿ, ಚರ್ಮ ಸುಲಿಯುವಿಕೆ, ಸೆಳವುಗಳನ್ನು ಉಂಟುಮಾಡುತ್ತದೆ.

ಹಾಗಾದರೆ ರಸಾಯನಶಾಸ್ತ್ರಜ್ಞನ ಪಾತ್ರವೇನು? ಐವತ್ತರ ದಶಕದಲ್ಲಿ ಅಮೆರಿಕೆಯ ಬ್ರೂಕ್‌ಹೇವನ್ನಿನಲ್ಲಿ ಮಿದುಳಿನ ಗಡ್ಡೆಯ ರೋಗಿಗಳ ಮೇಲೆ ಈ ವಿಧಾನವನ್ನು ಪ್ರಯೋಗಿಸಿದಾಗ ಅದು ವಿಫಲವಾಯಿತು; ಅಂದಿನ ಸಂಯುಕ್ತಗಳು ಗಡ್ಡೆಯಲ್ಲಿ ನಿಲ್ಲದೆ ರಕ್ತದಲ್ಲಿಯೇ ಉಳಿಯುತ್ತಿದ್ದುದು ಅದಕ್ಕೆ ದೊಡ್ಡ ಕಾರಣ. ಒಂದು ಗ್ರಾಂ ಗಡ್ಡೆಯಲ್ಲಿ ಸುಮಾರು 20 ಮೈಕ್ರೋಗ್ರಾಂ ಬೋರಾನ್-10 ಸೇರಬೇಕು, ರಕ್ತದಲ್ಲಿಯೂ ಸುತ್ತಲ ಅಂಗಾಂಶದಲ್ಲಿಯೂ ಅದರ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿರಕೂಡದು. ಕಾರ್ಬೊರೇನ್ ಎಂಬ ಹನ್ನೆರಡು ಮೂಲೆಗಳ ಪಂಜರದಲ್ಲಿ ಹತ್ತು ಮೂಲೆಗಳು ಬೋರಾನಿನವೇ. ಒಂದೇ ಅಣುವಿನಲ್ಲಿ ಅಷ್ಟು ಸರಕು! ಆದರೆ ಅದು ನೀರಿನಲ್ಲಿ ಕರಗಲೊಲ್ಲದು. ಹೊಸ್ಮನೆಯವರೂ ಅವರ ಸಹೋದ್ಯೋಗಿಗಳೂ ಈ ಪಂಜರಗಳನ್ನು ಅತಿಸೂಕ್ಷ್ಮವಾದ ಇಂಗಾಲದ ನಳಿಕೆಗಳಿಗೆ ತೊಡಿಸಿ ನೀರಿಗೆ ಒಗ್ಗಿಸಿ, ಇಲಿಗಳಲ್ಲಿ ಪರೀಕ್ಷಿಸಿ, ಬೋರಾನು ರಕ್ತಕ್ಕಿಂತ ಗಡ್ಡೆಯಲ್ಲಿ ಹೆಚ್ಚಾಗಿ ನೆಲೆಸಿದ್ದನ್ನು 2005ರಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ಎಂದೆನು, ಗಮನಿಸಿರಿ. ಇಲಿಯಿಂದ ಮನುಷ್ಯನವರೆಗಿನ ದಾರಿಯನ್ನು ಒಂದೇ ತಲೆಬರಹದಲ್ಲಿ ದಾಟಿಬಿಡುವ ಉತ್ಸಾಹಿಗಳು ಆ ವಿಜ್ಞಾನಿಗೂ ಉಪಕಾರ ಮಾಡುವುದಿಲ್ಲ, ರೋಗಿಗೂ ಮಾಡುವುದಿಲ್ಲ.

ಮನುಷ್ಯರಿಗೆ ಈ ಚಿಕಿತ್ಸೆಯನ್ನು 2020ರಲ್ಲಿ ಜಪಾನ್ ಮಾನ್ಯ ಮಾಡಿತು, ಅದೂ ತಲೆ ಮತ್ತು ಕುತ್ತಿಗೆಯ ಕೆಲವು ಕ್ಯಾನ್ಸರುಗಳಿಗೆ ಮಾತ್ರ. ಅಲ್ಲಿ ಬಳಸುವ ಔಷಧ ಬೇರೆ, ಬೋರಾನನ್ನು ಹೊತ್ತ ಅಮೈನೊ ಆಮ್ಲ. ಹಸಿದ ಗಡ್ಡೆ ಅದನ್ನು ಆಹಾರವೆಂದು ಒಳಗೆಳೆದುಕೊಳ್ಳುತ್ತದೆ. ಜೊತೆಗೆ ನ್ಯೂಟ್ರಾನುಗಳನ್ನು ಹೊರಡಿಸುವ ಭಾರಿ ಯಂತ್ರವೂ ಬೇಕು. ಊರೂರಿನ ಆಸ್ಪತ್ರೆಯಲ್ಲಿ ಸಿಗುವುದಲ್ಲ ಅದು. ಅಸ್ಥಿಮಜ್ಜೆಯ ಒಂದು ಬಗೆಯ ಕ್ಯಾನ್ಸರಿಗೆ 2003ರಿಂದ ಬಳಕೆಯಲ್ಲಿರುವ ಬಾರ್ಟೆಜೊಮಿಬ್ ಎಂಬ ಔಷಧದಲ್ಲಿಯೂ ಬೋರಾನಿದೆಯಲ್ಲ ಎಂದು ವೈದ್ಯಮಿತ್ರರು ಆಕ್ಷೇಪಿಸಿಯಾರು. ಇದೆ, ಆದರೆ ಅದರ ಕೆಲಸಕ್ಕೆ ನ್ಯೂಟ್ರಾನಿನ ಗೊಡವೆಯಿಲ್ಲ, ಅದಕ್ಕೂ ಬಿಳಿಗಾರಕ್ಕೂ ಯಾವ ಬಾಂಧವ್ಯವೂ ಇಲ್ಲ.

ಸಮಯ ಮುಗಿಯುತ್ತ ಬಂದಿತು. ಕೇರಂ ಪುಡಿಯ ಮಾತನ್ನು ಅವಸರದಲ್ಲಿ ಮುಗಿಸಬೇಕಾಗಿದೆ. ಅದರಿಂದ ಕ್ಯಾನ್ಸರ್ ಬರುವುದೆಂಬುದಕ್ಕೆ ಪ್ರಾಣಿಗಳ ಮೇಲಿನ ದೀರ್ಘ ಪರೀಕ್ಷೆಯಲ್ಲಿ ಆಧಾರ ಸಿಕ್ಕಿಲ್ಲ. ಗಾಯವಿಲ್ಲದ ಚರ್ಮದ ಮೂಲಕ ಅದು ಒಳಸೇರುವುದು ಅತ್ಯಲ್ಪ. ಹುಡುಗರು ಆಡಲಿ, ಆಡಿ ಕೈ ತೊಳೆಯಲಿ. ಆದರೆ ಹಸುಗೂಸಿನ ಬಾಯಿಹುಣ್ಣಿಗೆ ಬಿಳಿಗಾರವನ್ನು ಜೇನಿನಲ್ಲಿ ತೇಯ್ದು ಸವರುವ, ನಮ್ಮ ಮನೆಯ ಹಿರಿಯರೂ ಪಾಲಿಸುತ್ತಿದ್ದ ಪದ್ಧತಿಯನ್ನು ದಯವಿಟ್ಟು ಕೈಬಿಡಿರಿ; ಶಿಶುವಿನ ಪ್ರಾಣಕ್ಕೆ ಕೆಲವೇ ಗ್ರಾಂ ಸಾಕು. ಜಿರಲೆಗೆಂದು ಹಿಟ್ಟು ಸಕ್ಕರೆಯೊಡನೆ ಕಲಸಿದ ಬೋರಿಕ್ ಉಂಡೆಗಳನ್ನು ಅಂಬೆಗಾಲಿಡುವ ಮಗುವಿಗೆ ಎಟುಕುವಲ್ಲಿ ಇಡಬೇಡಿರಿ. ಮಗು ನುಂಗಿತೆಂದು ಸಂಶಯ ಬಂದರೆ ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸುತ್ತ ಕೂರದೆ ಬಾಂಬೋಳಿಯ ಆಸ್ಪತ್ರೆಗೋ ಹತ್ತಿರದ ಬೇರೊಂದಕ್ಕೋ ಒಯ್ಯಿರಿ, ಪುಡಿಯ ಪೊಟ್ಟಣವನ್ನೂ ಜೊತೆಗೆ ಕೊಂಡೊಯ್ಯಿರಿ.